ಮೋರ್‌ಬಾತ್ ಚರ್ಚಿನ ಲೆಕ್ಕಪುಸ್ತಕ

ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಮೋರ್‌ಬಾತ್ ಎಂಬ ಪುಟ್ಟ ಹಳ್ಳಿಯ ಚರ್ಚಿಗೆ ಕ್ರಿಸ್ಟೋಫರ್ ಟ್ರಿಕಿ 1520ರಿಂದ 1574ರವರೆಗೆ ಪಾದ್ರಿಯಾಗಿದ್ದನು. ಅವನು ಬರೆದಿಟ್ಟ ಲೆಕ್ಕಗಳು ಊರವರೆದುರು ಓದಿ ಹೇಳಲೆಂದು ಸಿದ್ಧವಾದವು. ಅವುಗಳನ್ನು ಬರಿಯ ಆಯವ್ಯಯವೆಂದು ಬಗೆಯುವುದು ಸರಿಯಲ್ಲ. ಯುವಕರು, ಕನ್ಯೆಯರು ತಮ್ಮವೇ ನಿಧಿಗಳನ್ನು ನಡೆಸುತ್ತಿದ್ದರು. ಸಂತರ ಹೆಸರಿನ ಕುರಿಗಳು ರೈತರ ಹಿಂಡುಗಳಲ್ಲಿ ಮೇಯುತ್ತಿದ್ದವು. ಉಣ್ಣೆ ಮಾರಿದ ಹಣ ಆ ಸಂತರ ದೀಪ ಮೊದಲಾದವಕ್ಕೆ ಸಲ್ಲುತ್ತಿತ್ತು. ಮೃತರ ಪೂಜೆಯ ಕಪ್ಪು ಉಡುಪಿಗಾಗಿ ಪಾದ್ರಿ ಹಲವು ವರ್ಷಗಳ ಕಾಲ ಹಣ ಕೂಡಿಸಿದನು. ಅದು ಕೈಸೇರಿದ ಬಳಿಕ ಆರನೆಯ ಎಡ್ವರ್ಡನ ಸರಕಾರ ಆ ಪೂಜೆಯನ್ನೇ ತೊಡೆದುಹಾಕಿತು. 1549ರ ಬಂಡಾಯಗಾರರ ಶಿಬಿರಕ್ಕೆ ಐವರು ಯುವಕರನ್ನು ಊರೇ ವೆಚ್ಚಕೊಟ್ಟು ಕಳುಹಿಸಿತೆಂಬುದನ್ನು ಏಮನ್ ಡಫಿ 2001ರ ಗ್ರಂಥದಲ್ಲಿ ಈ ಲೆಕ್ಕದಿಂದಲೇ ಗುರುತಿಸಿದರು. ಟ್ರಿಕಿಯಾದರೋ ಎಲಿಜಬೆತ್ತಳ ಕಾಲದ ಹೊಸ ವಿಧಿಗೂ ಹೊಂದಿಕೊಂಡು, ಸಾಯುವವರೆಗೆ ಅಲ್ಲಿಯೇ ಉಳಿದನು.