ಜಾಲಪುಟಗಳ ರೂಪಪರೀಕ್ಷೆ

ಶಾಲೆಯ ಪ್ರವೇಶಪತ್ರವನ್ನು ತುಂಬುವುದು, ವಿದ್ಯಾರ್ಥಿವೇತನಕ್ಕೆ ಬಿನ್ನಹ ಮಾಡಿಕೊಳ್ಳುವುದು, ಪರೀಕ್ಷೆಯ ಫಲಿತಾಂಶವನ್ನು ನೋಡುವುದು ಇವೇ ಮೊದಲಾದ ಕಾರ್ಯಗಳು ಈಗ ಬಹುಮಟ್ಟಿಗೆ ಜಾಲಪುಟಗಳ ಮೂಲಕವೇ ನಡೆಯುವುದು ತಾಯ್ತಂದೆಗಳಿಗೆ ತಿಳಿದ ಸಂಗತಿಯಷ್ಟೆ. ನಿನ್ನೆ ಸರಿಯಾಗಿದ್ದ ಪುಟದಲ್ಲಿ ಇಂದು ಅಕ್ಷರಗಳು ಒಂದರ ಮೇಲೊಂದು ಬಿದ್ದು, 'ಸಲ್ಲಿಸಿ' ಎಂಬ ಗುಂಡಿಯು ಮರೆಯಾಗಿರುವುದನ್ನೂ ಅನೇಕರು ಕಂಡಿರಬಹುದು. ವಿಚಾರಿಸಿದರೆ, ಆ ಪುಟವನ್ನು ಯಾರೂ ಮುಟ್ಟಿಯೇ ಇಲ್ಲವೆಂದು ಉತ್ತರ ಬರುವುದು. ಆ ಉತ್ತರವು ಸುಳ್ಳಾಗಿರಬೇಕೆಂದಿಲ್ಲ. ಮುಟ್ಟದ ಪುಟವು ಕೆಡುವುದು ಹೇಗೆ, ಕೆಟ್ಟುದನ್ನು ಓದುಗರಿಗಿಂತ ಮೊದಲು ಕಂಡುಹಿಡಿಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುವೆವು. ನಮ್ಮ ಹಿಂದಿನ ವಿದ್ಯಾರ್ಥಿನಿಯರಲ್ಲಿ ಇದೇ ಉದ್ಯೋಗವನ್ನು ಕೈಕೊಂಡಿರುವವರಿಗೆ ಮೊದಲ ಭಾಗವು ಹಳೆಯ ಪಾಠವಾಗಿ ತೋರೀತು. ಅವರು ಕನ್ನಡ ಅಕ್ಷರಗಳನ್ನು ಕುರಿತ ಭಾಗವನ್ನಾದರೂ ಓದಬೇಕೆಂದು ನಮ್ಮ ಬಯಕೆ.

ಜಿನೀವಾ ಪಟ್ಟಣದ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದ ನಾರ್ವೆ ದೇಶದ ಹೋಕನ್ ವಿಯುಮ್ ಲೀ ಎಂಬವರು 1994ರಲ್ಲಿ ಒಂದು ಸೂಚನೆಯನ್ನು ಮುಂದಿಟ್ಟರು. ಬರಹವು ಒಂದು ಕಡೆಯಲ್ಲಿಯೂ, ಅದರ ಬಣ್ಣ, ಅಳತೆ, ಅಂತರ ಇವುಗಳ ಕಟ್ಟಳೆಗಳು ಬೇರೆ ಹಾಳೆಯಲ್ಲಿಯೂ ಇರಬೇಕೆಂಬುದೇ ಅದರ ಸಾರ. ಈ ಹಾಳೆಗೆ ಸ್ಟೈಲ್ ಶೀಟ್ ಎಂದು ಹೆಸರು. 1996ನೆಯ ಡಿಸೆಂಬರಿನಲ್ಲಿ ಸಿಎಸ್‌ಎಸ್ ಎಂಬ ಹೆಸರಿನಿಂದ ಅದರ ಮೊದಲ ಪ್ರಮಾಣಗ್ರಂಥವು ಪ್ರಕಟವಾಯಿತು. ಇದರಿಂದ ಒಂದೇ ಹಾಳೆಯು ಸಾವಿರಾರು ಪುಟಗಳಿಗೆ ರೂಪ ಕೊಡುವಂತಾಯಿತು. ಲಾಭವು ದೊಡ್ಡದು, ಅಪಾಯವೂ ಅಷ್ಟೇ ದೊಡ್ಡದು. ಹೊಲಿಗೆಯ ತರಗತಿಯಲ್ಲಿ ಕಾಗದದ ಮಾದರಿಯೊಂದನ್ನಿಟ್ಟು ನಲವತ್ತು ರವಿಕೆಗಳನ್ನು ಕತ್ತರಿಸುವೆವಷ್ಟೆ. ಮಾದರಿಯನ್ನು ಆಮೇಲೆ ಬದಲಾಯಿಸಿದರೂ ಹೊಲಿದು ಮುಗಿದ ರವಿಕೆಗೆ ಹಾನಿಯಿಲ್ಲ. ಜಾಲಪುಟವಾದರೋ ತೆರೆದಾಗಲೆಲ್ಲ ಹೊಸದಾಗಿ ಹೊಲಿಯಲ್ಪಡುವ ವಸ್ತ್ರವು. ಆದಕಾರಣ ಮುಖಪುಟದ ಅಂದಕ್ಕಾಗಿ ಗುಂಡಿಯ ಎತ್ತರವನ್ನು ಸ್ವಲ್ಪ ತಗ್ಗಿಸಿದರೆ, ಐದು ವರ್ಷಗಳ ಹಿಂದೆ ಬರೆದು ಮರೆತ ಪುಟದಲ್ಲಿಯೂ ಗುಂಡಿಯು ತಗ್ಗುವುದು.

ಎಲ್ಲ ಪುಟಗಳನ್ನೂ ಕಣ್ಣಿನಿಂದಲೇ ನೋಡಿ ಮುಗಿಸುವುದು ಅಸಾಧ್ಯ. ಅದಕ್ಕೆ ಕಂಡುಕೊಂಡ ಉಪಾಯವು ಸರಳವಾದುದು. ಬದಲಾವಣೆಗೆ ಮೊದಲು ಯಂತ್ರವು ತಾನಾಗಿ ಪ್ರತಿಯೊಂದು ಪುಟವನ್ನು ತೆರೆದು ಚಿತ್ರ ತೆಗೆದಿಡುವುದು; ಇದು ಮಾದರಿಚಿತ್ರ. ಬದಲಾವಣೆಯ ನಂತರ ಅದೇ ಪುಟಗಳ ಚಿತ್ರಗಳನ್ನು ಪುನಃ ತೆಗೆದು, ಎರಡನ್ನೂ ಚುಕ್ಕೆಗೆ ಚುಕ್ಕೆ ಹೋಲಿಸಿ, ವ್ಯತ್ಯಾಸವಿರುವಲ್ಲಿ ಬಣ್ಣದ ಗುರುತು ಹಾಕುವುದು. ಬಿಬಿಸಿ ಸಂಸ್ಥೆಯ ವಾರ್ತಾವಿಭಾಗದ ತಂತ್ರಜ್ಞರು ಈ ಕಾರ್ಯಕ್ಕಾಗಿ 'ರೇತ್' ಎಂಬ ಉಪಕರಣವನ್ನು ರಚಿಸಿ 2013ರಲ್ಲಿ ಎಲ್ಲರ ಉಪಯೋಗಕ್ಕೂ ಬಿಟ್ಟುಕೊಟ್ಟರು. ಮುನ್ನೂರಕ್ಕೂ ಹೆಚ್ಚು ಭಾಷೆಗಳಲ್ಲಿರುವ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯದವರು ಇಂಥದೇ ಕಾರ್ಯಕ್ಕೆ 'ಪಿಕ್ಸೆಲ್' ಎಂಬ ಉಪಕರಣವನ್ನು ಮಾಡಿಕೊಂಡರು. ಅವರ ತಂತ್ರಾಂಶದ ಕಟ್ಟಳೆಯೊಂದು ತಪ್ಪಿದರೆ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೂ ಅದು ತಗಲಬಹುದಾದ್ದರಿಂದ ನಮಗೂ ಇದು ದೂರದ ಮಾತಲ್ಲ.

ಚುಕ್ಕೆಗಳ ಲೆಕ್ಕದಲ್ಲಿ ಒಂದು ಮೋಸವುಂಟು. 1280 ಚುಕ್ಕೆ ಅಗಲ, 720 ಚುಕ್ಕೆ ಎತ್ತರದ ಚಿತ್ರದಲ್ಲಿ ಒಟ್ಟು 9,21,600 ಚುಕ್ಕೆಗಳಿರುವುವು. ಬೇರೆ ಬೇರೆ ಯಂತ್ರಗಳಲ್ಲಿ ಅಕ್ಷರದ ಅಂಚುಗಳು ಕೂದಲೆಳೆಯಷ್ಟು ಬೇರೆಯಾಗಿ ಮೂಡುವುದರಿಂದ, ಸಣ್ಣ ವ್ಯತ್ಯಾಸಗಳನ್ನು ಲೆಕ್ಕಿಸಬೇಡವೆಂದು ಪರೀಕ್ಷಕರು ಯಂತ್ರಕ್ಕೆ ಅಪ್ಪಣೆ ಕೊಡುವುದುಂಟು. ನೂರಕ್ಕೆ ಒಂದರಷ್ಟು ವ್ಯತ್ಯಾಸವನ್ನು ಕ್ಷಮಿಸು ಎಂದರೆ 9,216 ಚುಕ್ಕೆಗಳು ಕ್ಷಮಿಸಲ್ಪಡುವುವು. ಹನ್ನೆರಡು ಚುಕ್ಕೆ ಅಗಲ, ಹತ್ತು ಚುಕ್ಕೆ ಎತ್ತರದ ಒಂದು ಒತ್ತಕ್ಷರವು ಸಂಪೂರ್ಣವಾಗಿ ಅಳಿಸಿಹೋದರೂ ನಷ್ಟವು ಹೆಚ್ಚೆಂದರೆ 120 ಚುಕ್ಕೆಗಳು ಮಾತ್ರ. ಯಂತ್ರವು 'ಎಲ್ಲವೂ ಕ್ಷೇಮ' ಎನ್ನುವುದು.

ಈ ನಷ್ಟವು ಕಲ್ಪಿತವಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಸಾಲಿನಿಂದ ಕೆಳಗಿಳಿಯುವುವು ಕೆಲವೇ. ಕನ್ನಡದಲ್ಲಿ ಒತ್ತಕ್ಷರಗಳೆಲ್ಲ ಕೆಳಗೇ ಕುಳಿತಿರುವುವು. ಇಂಗ್ಲಿಷನ್ನು ಮಾತ್ರ ನೋಡಿದವರು ಗುಂಡಿಯ ಎತ್ತರವನ್ನು ತಗ್ಗಿಸಿ, ಹೊರಚಾಚಿದ ಭಾಗವನ್ನು ಮರೆಸು ಎಂಬ ಕಟ್ಟಳೆಯನ್ನೂ ಸೇರಿಸಿದರೆ, ಕತ್ತರಿಯು ನೇರವಾಗಿ ಒತ್ತಿನ ಮೇಲೆ ಬೀಳುವುದು. ಆಗ 'ಕತ್ತೆ'ಯು 'ಕತೆ'ಯಾಗುವುದು, 'ಮಗ್ಗ'ವು 'ಮಗ'ನಾಗುವುದು, 'ಬಳ್ಳಿ'ಯು 'ಬಳಿ'ಯಾಗುವುದು. ಮಕ್ಕಳು ನಗಬಹುದು, ನೇಕಾರರ ಸಹಾಯಧನದ ಬಿನ್ನಹಪತ್ರದಲ್ಲಿ 'ಮಗ್ಗದ ವಿವರ' ಎಂಬುದು 'ಮಗದ ವಿವರ' ಎಂದಾದರೆ ಆ ಮನೆಯವರು ಏನನ್ನು ತುಂಬಬೇಕು?

ಇದಕ್ಕಿಂತಲೂ ಸೂಕ್ಷ್ಮವಾದ ಕೇಡು ಇನ್ನೊಂದುಂಟು. ಚಿತ್ರ ತೆಗೆಯುವ ಯಂತ್ರದಲ್ಲಿ ಕನ್ನಡದ ಅಕ್ಷರಶೈಲಿಯೇ ಇಲ್ಲದಿದ್ದರೆ, ಅಕ್ಷರಗಳಿಗೆ ಬದಲಾಗಿ ಬರಿಯ ಚೌಕಗಳು ಮೂಡುವುವು. ಮೊದಲಿನ ಚಿತ್ರದಲ್ಲಿಯೂ ಚೌಕ, ಅನಂತರದ ಚಿತ್ರದಲ್ಲಿಯೂ ಚೌಕ; ಹೋಲಿಸಿದರೆ ಭೇದವಿಲ್ಲ. ಪರೀಕ್ಷೆಯು ತೇರ್ಗಡೆಯಾಯಿತೆಂದು ವರದಿ ಬರುವುದು, ಓದುವವರಿಗೆ ಮಾತ್ರ ಒಂದು ಪದವೂ ಪರೀಕ್ಷಿಸಲ್ಪಟ್ಟಿರುವುದಿಲ್ಲ. ಮೊದಲ ಮಾದರಿಚಿತ್ರವನ್ನು ಕನ್ನಡ ಬಲ್ಲವರೊಬ್ಬರು ಕಣ್ಣಾರೆ ಓದಿ ಒಪ್ಪಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ.

ಇಬ್ರಿಯ ಶಾಸ್ತ್ರಗಳನ್ನು ಕಾಪಾಡಿದ ಮಸೋರೇತರೆಂಬ ಪಂಡಿತರು ಗ್ರಂಥದ ಕೊನೆಯಲ್ಲಿ ವಚನಗಳ ಸಂಖ್ಯೆಯನ್ನು ಬರೆದಿಡುತ್ತಿದ್ದರು. ಎಣಿಕೆಯು ಹೊಂದದಿದ್ದರೆ ಎಲ್ಲಿಯೋ ಭೇದವುಂಟೆಂದು ಗೊತ್ತಾಗುವುದು; ಯಾವುದು ಸರಿ ಎಂಬುದನ್ನು ಓದಿಯೇ ನಿರ್ಣಯಿಸಬೇಕು. ಯಂತ್ರವೂ ಅಷ್ಟೇ. ಅದು ಭೇದವನ್ನು ತೋರಿಸಬಲ್ಲುದು, ದೋಷವನ್ನು ತಿಳಿಯಲಾರದು. ಬೇಕೆಂದೇ ಮಾಡಿದ ಬದಲಾವಣೆಯಾದರೆ ಪರೀಕ್ಷಕರು ಹೊಸ ಚಿತ್ರವನ್ನು ಒಪ್ಪಿ ಅದನ್ನೇ ಮುಂದಿನ ಮಾದರಿಯಾಗಿಡುವರು. ಶಿರೋಭಾಗದ ಬಣ್ಣವನ್ನು ಬದಲಾಯಿಸಿದ ದಿನ ಮುನ್ನೂರು ಪುಟಗಳಲ್ಲಿಯೂ ಭೇದ ಕಾಣುವುದು, ನೋಡುವವರು ಬೇಸತ್ತು ಎಲ್ಲವನ್ನೂ ಒಂದೇ ಸಲ ಒಪ್ಪಿಬಿಡುವರು. ಅವುಗಳ ನಡುವೆ ನಿಜವಾಗಿ ಕೆಟ್ಟ ಒಂದು ಪುಟವೂ ದಾಟಿಹೋಗುವುದು, ಮಾತ್ರವಲ್ಲ, ಆ ಕೆಟ್ಟ ರೂಪವೇ ಅಂದಿನಿಂದ ಮಾದರಿಯಾಗಿ ನಿಲ್ಲುವುದು. ಆದ್ದರಿಂದ ಬಣ್ಣವನ್ನು ಒಂದು ದಿನ, ಅಳತೆಯನ್ನು ಮತ್ತೊಂದು ದಿನ ಬದಲಾಯಿಸುವುದು ಲೇಸು. ಅವಸರದವರಿಗೆ ಇದು ರುಚಿಸದು.

ಈ ಕೆಲಸದಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಇಡೀ ಪುಟದ ಚಿತ್ರದೊಂದಿಗೆ ಗುಂಡಿ, ಶೀರ್ಷಿಕೆ, ಪಟ್ಟಿ ಇವುಗಳ ಬೇರೆ ಬೇರೆ ಚಿತ್ರಗಳನ್ನೂ ತೆಗೆಯಿರಿ. ಚಿಕ್ಕ ಚಿತ್ರದಲ್ಲಿ 120 ಚುಕ್ಕೆಗಳು ಅಡಗಲಾರವು. ದಿನಾಂಕ, ಜಾಹೀರಾತು ಮುಂತಾಗಿ ದಿನವೂ ಮಾರ್ಪಡುವ ಭಾಗಗಳನ್ನು ಮುಚ್ಚಿರಿ. ಎರಡು ಚಿತ್ರಗಳೂ ಒಂದೇ ಯಂತ್ರದಲ್ಲಿ, ಅಕ್ಷರಶೈಲಿಯು ಪೂರ್ಣವಾಗಿ ಇಳಿದ ಮೇಲೆ ತೆಗೆದವುಗಳಾಗಿರಲಿ. ಪರೀಕ್ಷೆಯ ಪುಟದಲ್ಲಿ 'ಅಮ್ಮ', 'ಲಕ್ಷ್ಮಿ', 'ರಾಷ್ಟ್ರ', 'ಸ್ತ್ರೀ', 'ಅರ್ಘ್ಯ', 'ಕಾರ್ತ್ಸ್ನ್ಯ' ಎಂಬ ಪದಗಳನ್ನು ಗುಂಡಿಯೊಳಗೂ ಶೀರ್ಷಿಕೆಯೊಳಗೂ ಇಟ್ಟು, ಸಣ್ಣ ಕೈಫೋನಿನ ಅಗಲವಾದ 320 ಚುಕ್ಕೆಗಳಲ್ಲಿಯೂ ಒಮ್ಮೆ ಚಿತ್ರ ತೆಗೆದು ನೋಡಿರಿ.