‘ಉಣಿಸು’ ಹೋಗಿ ‘ಉಣ್ಣು’ ಬರುವಾಗ: ದಿನಚರಿಯ ಪಾಠಕ್ಕೆ ಇನ್ನೊಂದು ದಾರಿ

ತರಗತಿ: 3
ವಿಷಯ: ಪರಿಸರ ಅಧ್ಯಯನ ಮತ್ತು ಕನ್ನಡ (ಸಂಯೋಜಿತ ಪಾಠ)
ಅವಧಿ: ತಲಾ 40 ನಿಮಿಷಗಳ ಎರಡು ಅವಧಿಗಳು

ಪೀಠಿಕೆ

ಅಭ್ಯಾಸ ಬೋಧನೆಗೆ ಹೊರಡುವ ಪ್ರಶಿಕ್ಷಣಾರ್ಥಿಗಳಿಗೆ ‘ನನ್ನ ದಿನಚರಿ’ ಅಚ್ಚುಮೆಚ್ಚಿನ ಪಾಠ. ಸಿದ್ಧತೆ ಸುಲಭ, ಚಾರ್ಟ್ ಬರೆಯುವುದೂ ಸುಲಭ: ಸೂರ್ಯ ಹುಟ್ಟುವುದು, ಹಲ್ಲುಜ್ಜುವುದು, ಸ್ನಾನ, ಹಾಲು, ಶಾಲೆ, ಆಟ, ಓದು, ನಿದ್ದೆ. ‘ಬೆಳಿಗ್ಗೆ ಎಷ್ಟು ಗಂಟೆಗೆ ಏಳಬೇಕು?’ ಎಂದು ಕೇಳಿದರೆ ಇಡೀ ತರಗತಿ ‘ಆರು ಗಂಟೆಗೆ’ ಎನ್ನುತ್ತದೆ. ಉದ್ದೇಶ ಈಡೇರಿತೆಂದು ವೀಕ್ಷಕರು ಸಹಿ ಹಾಕುತ್ತಾರೆ.

ಆದರೆ ಮಗು ಇಲ್ಲಿ ಹೇಳಿದ್ದು ಚಾರ್ಟಿನ ದಿನವನ್ನು, ತನ್ನ ದಿನವನ್ನಲ್ಲ. ಚಾರ್ಟಿನ ದಿನ ಎಂದೂ ಬದಲಾಗುವುದಿಲ್ಲ. ಮನೆಯಲ್ಲಿರುವ ಮಗುವಿನ ದಿನವಾದರೋ ವರ್ಷವರ್ಷಕ್ಕೂ ಬದಲಾಗುತ್ತದೆ. ನಿನ್ನೆಯವರೆಗೆ ಬೇಕಾಗಿದ್ದ ಜೋಲಿ ಇಂದು ಬೇಡ. ಅಜ್ಜಿ ಕಲಸಿ ಕೊಟ್ಟ ತುತ್ತು ಬೇಡ. ಮಧ್ಯಾಹ್ನದ ನಿದ್ದೆ ಬೇಡ. ಮಗು ಬೆಳೆಯುತ್ತಿದೆ ಎನ್ನುವುದಕ್ಕೆ ಮನೆಯವರಿಗೆ ಮೊದಲು ಸಿಗುವ ಗುರುತು ಹೀಗೆ ಕೈಬಿಟ್ಟ ರೂಢಿಗಳೇ. ಈ ಬದಲಾವಣೆಯನ್ನೇ ಪಾಠದ ವಸ್ತುವಾಗಿಸುವುದು ಹೇಗೆ ಎಂಬುದು ಈ ಲೇಖನದ ವಿಷಯ.

ಊರಿನ ಹಿನ್ನೆಲೆ

ಚಿತ್ರದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರವಾದ ತುರುವನೂರನ್ನು ತೆಗೆದುಕೊಳ್ಳೋಣ. ಚರಿತ್ರೆಯ ಪಾಠದಲ್ಲಿ ಈ ಊರು ಬರುವುದು 1939ರ ಅರಣ್ಯ ಸತ್ಯಾಗ್ರಹಕ್ಕಾಗಿ, ಈಚಲು ಮರ ಕಡಿದ ಹೋರಾಟಕ್ಕಾಗಿ. ನಮ್ಮ ಪಾಠಕ್ಕೆ ಬೇಕಾದದ್ದು ಇಂಥ ಊರಿನ ಮನೆಗಳ ಬೆಳಗು. ಬಯಲುಸೀಮೆಯ ಬೇಸಾಯದ ಮನೆಗಳಲ್ಲಿ ದಿನಚರಿಯನ್ನು ಗಡಿಯಾರಕ್ಕಿಂತ ಹೊಲ ಹೆಚ್ಚು ನಿರ್ಧರಿಸುತ್ತದೆ. ಶೇಂಗಾ ಬಿಡಿಸುವ, ಈರುಳ್ಳಿ ಕೊಯ್ಯುವ ದಿನಗಳಲ್ಲಿ ಅವ್ವ ಬೆಳಕು ಹರಿಯುವ ಮೊದಲೇ ಬುತ್ತಿ ಕಟ್ಟಿಕೊಂಡು ಹೊರಟಿರಬಹುದು. ಆಗ ಮಗುವನ್ನು ಎಬ್ಬಿಸುವವರು ಅಜ್ಜಿ ಅಥವಾ ಅಕ್ಕ. ಎಷ್ಟೋ ಮಕ್ಕಳು ತಲೆ ಬಾಚಿಕೊಳ್ಳಲು, ಗುಂಡಿ ಹಾಕಿಕೊಳ್ಳಲು ಕಲಿಯುವುದು ಇಂಥ ಸುಗ್ಗಿಯ ವಾರಗಳಲ್ಲೇ. ಚಾರ್ಟಿನಲ್ಲಿ ಅವ್ವ ಹಾಲಿನ ಲೋಟ ಹಿಡಿದು ನಿಂತಿದ್ದರೆ ಈ ಮಗು ತನ್ನ ಮನೆಯಲ್ಲಿ ಏನೋ ಕೊರತೆಯಿದೆ ಎಂದುಕೊಳ್ಳುತ್ತದೆ. ತಾನೇ ಕಲಿತುಕೊಂಡದ್ದು ಅದಕ್ಕೆ ಕಾಣುವುದೇ ಇಲ್ಲ.

ಪ್ರಶಿಕ್ಷಣಾರ್ಥಿ ತಿಳಿದಿರಬೇಕಾದದ್ದು

ಒಂದು, ಹಠ ಮತ್ತು ಬೆಳವಣಿಗೆ. ‘ನಾನೇ ಹಾಕ್ಕೊಂತೀನಿ’, ‘ನಾನೇ ಉಣ್ತೀನಿ’ ಎನ್ನುವ ಮಗುವನ್ನು ಹಠಮಾರಿ ಎನ್ನುವುದು ವಾಡಿಕೆ. ಎರಿಕ್ ಎರಿಕ್‌ಸನ್ ವಿವರಿಸಿದ ಹಂತಗಳಲ್ಲಿ ಎಳೆಯ ಮಗುವಿನ ‘ಸ್ವಾಯತ್ತತೆ’, ಶಾಲಾಪೂರ್ವ ವಯಸ್ಸಿನ ‘ಉಪಕ್ರಮ’, ಶಾಲಾ ವಯಸ್ಸಿನ ‘ಶ್ರಮಶೀಲತೆ’ ಒಂದರ ಹಿಂದೆ ಒಂದು ಬರುತ್ತವೆ. ಮನೆಯಲ್ಲಿ ಹಠವಾಗಿ ಕಂಡದ್ದು ಬಹಳ ಸಲ ಈ ಹಂತದ ಕೆಲಸವೇ ಆಗಿರುತ್ತದೆ.

ಎರಡು, ಆಸರೆಯನ್ನು ಹಂತಹಂತವಾಗಿ ತೆಗೆಯುವುದು. ರಾಗಿ ಮುದ್ದೆಯ ಊಟ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ಹಿರಿಯರು ತುತ್ತು ಮುರಿದು ಸಾರಿನಲ್ಲಿ ಅದ್ದಿ ಮಗುವಿನ ಬಾಯಿಗಿಡುತ್ತಾರೆ. ಆಮೇಲೆ ಸಣ್ಣ ಸಣ್ಣ ತುತ್ತು ಮಾಡಿ ತಟ್ಟೆಯ ಅಂಚಿನಲ್ಲಿಡುತ್ತಾರೆ. ಮಗು ತೆಗೆದು ನುಂಗುತ್ತದೆ. ಮುಂದೆ ಮಗುವೇ ಮುರಿಯುತ್ತದೆ, ಹಿರಿಯರು ‘ಸಣ್ಣ ತುತ್ತು ಮಾಡು’ ಎಂದಷ್ಟೇ ಹೇಳುತ್ತಾರೆ. ಕೊನೆಗೆ ಆ ಮಾತೂ ಬೇಕಾಗುವುದಿಲ್ಲ. ವುಡ್, ಬ್ರೂನರ್ ಮತ್ತು ರಾಸ್ 1976ರಲ್ಲಿ ‘ಸ್ಕಾಫೋಲ್ಡಿಂಗ್’ ಎಂದು ಕರೆದದ್ದು ಇದನ್ನೇ. ಗೋಡೆ ಏಳುವವರೆಗೆ ಗಾರೆಯವರು ಸಾರುವೆ ಕಟ್ಟಿ, ಆಮೇಲೆ ಬಿಚ್ಚುವಂತೆ. ಪರೀಕ್ಷೆಗೆ ಬಾಯಿಪಾಠ ಮಾಡುವ ಈ ತತ್ತ್ವವನ್ನು ನಮ್ಮ ಅಜ್ಜಿಯರು ಊಟದ ತಟ್ಟೆಯ ಮುಂದೆ ನಡೆಸಿಕೊಂಡು ಬಂದಿದ್ದಾರೆ.

ಮೂರು, ನಿದ್ದೆಯ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ 3–4 ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಹಗಲು ನಿದ್ದೆಯೂ ಇದರಲ್ಲಿ ಸೇರಿದೆ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ಬೇಕೆಂಬುದು ನಿದ್ರಾ ತಜ್ಞರ ಶಿಫಾರಸು. ಅಂಗನವಾಡಿಯಲ್ಲಿ ಊಟದ ನಂತರ 2 ಗಂಟೆ ಮಲಗಿ, ರಾತ್ರಿ 9 ಗಂಟೆ ನಿದ್ರಿಸುತ್ತಿದ್ದ ಮಗುವಿಗೆ 11 ಗಂಟೆ ನಿದ್ದೆ ಸಿಗುತ್ತಿತ್ತು. ಒಂದನೆಯ ತರಗತಿಗೆ ಬಂದಾಗ ಹಗಲು ನಿದ್ದೆ ಹೋಯಿತು. ಮಲಗುವ ಹೊತ್ತು ಮಾತ್ರ ಹಿರಿಯರ ಜೊತೆ ರಾತ್ರಿ 10 ಗಂಟೆಯಾಗಿ, ಬೆಳಿಗ್ಗೆ 6ಕ್ಕೆ ಎದ್ದರೆ ಉಳಿಯುವುದು 8 ಗಂಟೆ. ಮಧ್ಯಾಹ್ನದ ಅವಧಿಯಲ್ಲಿ ತೂಕಡಿಸುವ ಇಂಥ ಮಗು ಸೋಮಾರಿಯಲ್ಲ. ಹಳೆಯ ರೂಢಿಯೊಂದು ಬಿಟ್ಟುಹೋಗಿದೆ, ಅದರ ಜಾಗಕ್ಕೆ ಹೊಸದು ಇನ್ನೂ ಬಂದಿಲ್ಲ. ಪೋಷಕರೊಂದಿಗೆ ಮಾತನಾಡಲು ಈ ಸರಳ ಲೆಕ್ಕ ಸಾಕು.

ಭಾಷೆಯ ಕೀಲಿಕೈ

ಈ ಬದಲಾವಣೆಯನ್ನು ಹೇಳಲು ಕನ್ನಡದಲ್ಲಿ ಸೊಗಸಾದ ವ್ಯವಸ್ಥೆಯೇ ಇದೆ. ಹಿರಿಯರು ಮಗುವಿಗಾಗಿ ಮಾಡುವ ಕೆಲಸಗಳು ‘-ಇಸು’ ಸೇರಿದ ಪ್ರೇರಣಾರ್ಥಕ ರೂಪಗಳಲ್ಲಿ ಬರುತ್ತವೆ. ಮಗು ತಾನೇ ಮಾಡತೊಡಗಿದಾಗ ‘-ಇಸು’ ಕಳಚಿ ಬೀಳುತ್ತದೆ.

ಉಣಿಸುತ್ತಿದ್ದರು – ಉಣ್ಣುತ್ತೇನೆ
ಕುಡಿಸುತ್ತಿದ್ದರು – ಕುಡಿಯುತ್ತೇನೆ
ಮಲಗಿಸುತ್ತಿದ್ದರು – ಮಲಗುತ್ತೇನೆ
ಎಬ್ಬಿಸುತ್ತಿದ್ದರು – ಏಳುತ್ತೇನೆ
ಸ್ನಾನ ಮಾಡಿಸುತ್ತಿದ್ದರು – ಸ್ನಾನ ಮಾಡುತ್ತೇನೆ

ಇನ್ನು ಕೆಲವು ಕೆಲಸಗಳಲ್ಲಿ ‘-ಕೊಳ್ಳು’ ಬಂದು ಸೇರುತ್ತದೆ: ತಲೆ ಬಾಚುತ್ತಿದ್ದರು – ಬಾಚಿಕೊಳ್ಳುತ್ತೇನೆ; ಗುಂಡಿ ಹಾಕುತ್ತಿದ್ದರು – ಹಾಕಿಕೊಳ್ಳುತ್ತೇನೆ. ಮೂರನೆಯ ತರಗತಿಯ ಮಕ್ಕಳಿಗೆ ಪಾರಿಭಾಷಿಕ ಪದಗಳನ್ನು ಹೇಳಬೇಕಿಲ್ಲ. ಜೋಡಿಗಳು ಬಾಯಲ್ಲಿ ನಿಂತರೆ ಸಾಕು. ಪ್ರಶಿಕ್ಷಣಾರ್ಥಿಗೆ ಮಾತ್ರ ಒಂದು ಎಚ್ಚರ ಬೇಕು: ‘-ಇಸು’ ಇದ್ದದ್ದೆಲ್ಲ ಪ್ರೇರಣಾರ್ಥಕವಲ್ಲ. ಯೋಚಿಸು, ಪ್ರೀತಿಸು ಮೊದಲಾದವುಗಳಲ್ಲಿ ಅದು ಸಂಸ್ಕೃತ ಪದವನ್ನು ಕನ್ನಡದ ಧಾತುವಾಗಿಸುತ್ತದೆ, ಅಷ್ಟೇ.

ಕಲಿಕಾ ಫಲಗಳು

1. ತಾನು ಚಿಕ್ಕವನಿದ್ದಾಗ ಅಥವಾ ಚಿಕ್ಕವಳಿದ್ದಾಗಿನ ದಿನಕ್ಕೂ ಈಗಿನ ದಿನಕ್ಕೂ ಇರುವ ವ್ಯತ್ಯಾಸವನ್ನು ಮಗು ಹೇಳುತ್ತದೆ.
2. ಆಗ–ಈಗ ಎಂಬ ಹೋಲಿಕೆಯಲ್ಲಿ ಭೂತ ಮತ್ತು ವರ್ತಮಾನ ಕಾಲದ ಕ್ರಿಯಾಪದಗಳನ್ನು ಸರಿಯಾಗಿ ಬಳಸುತ್ತದೆ.
3. ಮನೆಯಿಂದ ಮನೆಗೆ ದಿನಚರಿ ಬೇರೆಯಾಗಿರುತ್ತದೆ ಎಂಬುದನ್ನು ಕಾರಣಸಹಿತ ಗುರುತಿಸುತ್ತದೆ.

ಪೂರ್ವಸಿದ್ಧತೆ

ಹಿಂದಿನ ದಿನ ಮಕ್ಕಳಿಗೆ ಒಂದೇ ಪ್ರಶ್ನೆ ಕೊಟ್ಟು ಕಳಿಸಿ: ‘ನಾನು ಸಣ್ಣವನಿದ್ದಾಗ/ಸಣ್ಣವಳಿದ್ದಾಗ ನನಗೆ ಏನೇನು ಮಾಡಿಸುತ್ತಿದ್ದಿರಿ?’ ಮನೆಯ ಹಿರಿಯರಲ್ಲಿ ಯಾರನ್ನಾದರೂ ಕೇಳಬಹುದು. ‘ಅಮ್ಮನನ್ನು ಕೇಳಿ’ ಎಂದು ಹೇಳಬೇಡಿ. ಅಮ್ಮ ದುಡಿಮೆಗೆ ಬೇರೆ ಊರಿಗೆ ಹೋಗಿರಬಹುದು, ಇಲ್ಲದೆಯೂ ಇರಬಹುದು. ಬೋಧನೋಪಕರಣಗಳಾಗಿ ಗುಂಡಿಯಿರುವ ಅಂಗಿ, ಬಾಚಣಿಗೆ, ಲೋಟ, ತಟ್ಟೆ, ಒಂದು ಹಳೆಯ ಸೀರೆ, ಖಾಲಿ ಪದಪಟ್ಟಿಗಳು ಸಾಕು. ಬಣ್ಣದ ಚಾರ್ಟ್ ಬೇಡ.

ಮೊದಲ ಅವಧಿ

ತೊಡಗಿಸುವುದು (8 ನಿಮಿಷ): ಸೀರೆಯನ್ನು ತೋರಿಸಿ ‘ಇದರಿಂದ ಸಣ್ಣ ಮಗುವಿಗೆ ಏನು ಕಟ್ಟುತ್ತಾರೆ?’ ಎಂದು ಕೇಳಿ. ಜೋಲಿ ಎಂಬ ಉತ್ತರ ಬಂದಾಗ ‘ಈಗ ಯಾರು ಯಾರು ಜೋಲಿಯಲ್ಲಿ ಮಲಗುತ್ತೀರಿ?’ ಎನ್ನಿ. ಮಕ್ಕಳು ನಗುತ್ತಾರೆ. ಆ ನಗುವಿನಿಂದಲೇ ಪಾಠ ಶುರುವಾಗಲಿ: ‘ಏಕೆ ಬಿಟ್ಟಿರಿ?’

ಅನ್ವೇಷಿಸುವುದು (20 ನಿಮಿಷ): ನಾಲ್ವರ ಗುಂಪುಗಳಲ್ಲಿ ಮಕ್ಕಳು ಮನೆಯಿಂದ ತಂದ ಉತ್ತರಗಳನ್ನು ಹಂಚಿಕೊಳ್ಳಲಿ. ಪ್ರತಿ ಗುಂಪು ಒಂದು ವಸ್ತುವನ್ನು ಆರಿಸಿಕೊಂಡು ‘ಆಗ’ ಮತ್ತು ‘ಈಗ’ ಎರಡನ್ನೂ ಅಭಿನಯಿಸಲಿ. ಮಾತು ಊರಿನ ಆಡುಮಾತಿನಲ್ಲೇ ಇರಲಿ. ‘ಉಣ್ತೀನಿ’ ಎಂದದ್ದನ್ನು ನಡುವೆ ತಿದ್ದಿ ‘ಉಣ್ಣುತ್ತೇನೆ’ ಎನ್ನಿಸಬೇಡಿ. ಬರವಣಿಗೆಗೆ ಬಂದಾಗ ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿದರಾಯಿತು.

ವಿವರಿಸುವುದು (12 ನಿಮಿಷ): ಕಪ್ಪುಹಲಗೆಯ ಮೇಲೆ ಆಗ–ಈಗ ಎಂಬ ಎರಡು ಕಂಬಸಾಲು. ಮಕ್ಕಳು ಹೇಳಿದ ವಾಕ್ಯಗಳನ್ನೇ ಬರೆದು, ಬದಲಾದ ಭಾಗದ ಕೆಳಗೆ ಗೆರೆ ಎಳೆಯಿರಿ. ‘ಎಡಗಡೆ ಮಾಡುವವರು ಯಾರು? ಬಲಗಡೆ ಮಾಡುವವರು ಯಾರು?’ ಎಂಬ ಪ್ರಶ್ನೆಯೇ ವಿವರಣೆ.

ಎರಡನೆಯ ಅವಧಿ

ವಿಸ್ತರಿಸುವುದು (25 ನಿಮಿಷ): ‘ಇನ್ನೂ ಯಾವುದಕ್ಕೆ ಸಹಾಯ ಬೇಕು?’ ಎಂದು ಮೂರನೆಯ ಕಂಬಸಾಲು ತೆರೆಯಿರಿ. ಇದು ಪಾಠದ ಮುಖ್ಯ ಭಾಗ. ಒಬ್ಬನಿಗೆ ಬೂಟಿನ ದಾರ ಕಟ್ಟಲು ಬರುವುದಿಲ್ಲ, ಒಬ್ಬಳಿಗೆ ಜಡೆ ಹಾಕಿಕೊಳ್ಳಲು ಬರುವುದಿಲ್ಲ, ಇನ್ನೊಬ್ಬರಿಗೆ ಕತ್ತಲಲ್ಲಿ ಒಬ್ಬರೇ ಮಲಗಲು ಭಯ. ಮೊದಲು ಶಿಕ್ಷಕರೇ ತಮಗೆ ಸಹಾಯ ಬೇಕಾಗುವ ಕೆಲಸವೊಂದನ್ನು ಬರೆಯಲಿ. ಮಕ್ಕಳ ಸಂಕೋಚ ಹೋಗುತ್ತದೆ. ಬಳಿಕ ‘ನೀವು ಯಾರಿಗೆ ಉಣಿಸುತ್ತೀರಿ? ಯಾರನ್ನು ಮಲಗಿಸುತ್ತೀರಿ?’ ಎಂದು ಕೇಳಿ. ‘ತಮ್ಮನಿಗೆ ಉಣಿಸುತ್ತೇನೆ’ ಎಂಬ ಉತ್ತರ ಬಂದಾಗ ಕಳಚಿಬಿದ್ದ ‘-ಇಸು’ ಮಗುವಿನ ಕಡೆಯಿಂದಲೇ ಮರಳಿ ಬಂದಿರುತ್ತದೆ.

ಇಲ್ಲಿ ಪ್ರಶಿಕ್ಷಣಾರ್ಥಿ ಕಿವಿಗೊಟ್ಟು ಕೇಳಬೇಕು. ತಮ್ಮನಿಗೆ ಒಂದು ಹೊತ್ತು ಉಣಿಸುವುದು ಹೆಮ್ಮೆಯ ವಿಷಯ. ತಮ್ಮನನ್ನು ನೋಡಿಕೊಳ್ಳಲು ಸುಗ್ಗಿಯ ವಾರವೆಲ್ಲ ಶಾಲೆ ಬಿಟ್ಟಿದ್ದರೆ ಅದು ಬೇರೆ ಮಾತು. ಎಂಟು ವರ್ಷದ ಹುಡುಗಿ ತನ್ನ ಊಟ ತಾನೇ ಬಡಿಸಿಕೊಳ್ಳುವುದು ಸ್ವಾವಲಂಬನೆ. ಮನೆಮಂದಿಗೆಲ್ಲ ಅಡುಗೆ ಮಾಡುವುದು ದುಡಿಮೆ. ತರಗತಿಯಲ್ಲಿ ಎರಡನ್ನೂ ‘ಶಹಬ್ಬಾಸ್’ ಎಂದು ಒಂದೇ ಮಾಡಬೇಡಿ. ಕೇಳಿದ್ದನ್ನು ತರಗತಿಯ ಮುಂದೆ ಚರ್ಚಿಸದೆ, ಹಾಜರಿ ಪುಸ್ತಕ ನೋಡಿ, ತರಗತಿ ಶಿಕ್ಷಕರಿಗೆ ತಿಳಿಸಿ. ಆ ಮನೆಯ ಸಣ್ಣ ಮಗುವಿಗೆ ಅಂಗನವಾಡಿಯಲ್ಲಿ ಜಾಗ ಸಿಕ್ಕರೆ ಅಕ್ಕನಿಗೆ ಶಾಲೆ ಸಿಗುತ್ತದೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗೂ ನಮ್ಮ ಶಾಲೆಗೂ ಇರುವ ನಂಟು ಇಂಥಲ್ಲಿ ಕೆಲಸಕ್ಕೆ ಬರಬೇಕು.

ಮೌಲ್ಯಮಾಪನ (15 ನಿಮಿಷ): ಪ್ರತಿ ಮಗು ಮೂರು ವಾಕ್ಯ ಬರೆಯಲಿ: ಆಗ ಯಾರೋ ಮಾಡಿಸುತ್ತಿದ್ದದ್ದು, ಈಗ ತಾನೇ ಮಾಡುವುದು, ಮುಂದೆ ಕಲಿಯಬೇಕೆಂದಿರುವುದು. ಅಂಕ ಕೊಡುವುದು ವಾಕ್ಯದ ಕಾಲಸೂಚನೆ ಮತ್ತು ಹೋಲಿಕೆಗೆ. ಯಾರು ಎಷ್ಟು ಕೆಲಸ ತಾವೇ ಮಾಡುತ್ತಾರೆ ಎನ್ನುವುದಕ್ಕಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ, ಪ್ರತಿ ಮಗು ತನ್ನ ವೇಗದಲ್ಲೇ ಕಲಿಕಾ ಏಣಿ ಹತ್ತಲಿ ಎನ್ನುತ್ತದೆ. ಮನೆಯ ರೂಢಿಗಳಿಗೂ ಅದೇ ನ್ಯಾಯ.

ಪಾಠದ ನಡುವೆ ಎದುರಾಗಬಹುದಾದದ್ದು

ಮನೆಗೆ ಹೊಸ ಕೂಸು ಬಂದಾಗ ತಾನೇ ಉಣ್ಣುತ್ತಿದ್ದ ಮಗು ಮತ್ತೆ ‘ಉಣ್ಸು’ ಎನ್ನಬಹುದು. ಜ್ವರ ಬಂದು ಎದ್ದ ಮಗುವೂ ಹಾಗೆಯೇ. ಬೆಳವಣಿಗೆ ಹಿಂದಕ್ಕೆ ಹೋಯಿತೆಂದು ಗಾಬರಿಯಾಗಬೇಕಿಲ್ಲ. ಮಗುವಿಗೆ ಆಗ ಬೇಕಾದದ್ದು ತುತ್ತಿಗಿಂತ ಹೆಚ್ಚಾಗಿ ಉಣಿಸುವ ಕೈ. ‘ಇಷ್ಟು ದೊಡ್ಡವನಾಗಿ ಉಣಿಸಿಕೊಳ್ಳುತ್ತೀಯಾ?’ ಎಂಬ ಮಾತು ತರಗತಿಯಲ್ಲಿ ಯಾರ ಬಾಯಿಂದ ಬಂದರೂ ಅಲ್ಲೇ ತಡೆಯಿರಿ. ಅಂಗವೈಕಲ್ಯವಿರುವ ಮಗುವಿಗೆ ಕೆಲವು ಕೆಲಸಗಳಲ್ಲಿ ಸಹಾಯ ಬಹುಕಾಲ ಬೇಕಾಗುತ್ತದೆ. ಅಂಥ ಮಗುವಿಗೂ ‘ಈಗ’ ಎಂಬ ಕಂಬಸಾಲಿನಲ್ಲಿ ಬರೆಯಲು ಏನಾದರೂ ಇದ್ದೇ ಇರುತ್ತದೆ. ಅದನ್ನು ಮೊದಲೇ ಗಮನಿಸಿಟ್ಟುಕೊಂಡಿರುವುದು ಶಿಕ್ಷಕರ ಸಿದ್ಧತೆಯ ಭಾಗ.

ವೀಕ್ಷಕರ ಗಮನಕ್ಕೆ

ಈ ಪಾಠವನ್ನು ವೀಕ್ಷಿಸುವಾಗ ಮೂರು ಸಂಗತಿಗಳನ್ನು ದಾಖಲಿಸಿ. ಕಪ್ಪುಹಲಗೆಯ ಮೇಲೆ ಬಂದ ವಾಕ್ಯಗಳಲ್ಲಿ ಮಕ್ಕಳವು ಎಷ್ಟು, ಪ್ರಶಿಕ್ಷಣಾರ್ಥಿಯವು ಎಷ್ಟು? ‘ಹೀಗೆ ಮಾಡಬೇಕು’ ಎಂಬ ಮಾತು ಎಷ್ಟು ಸಲ ಬಂತು, ‘ನಿಮ್ಮ ಮನೆಯಲ್ಲಿ ಹೇಗೆ?’ ಎಂಬ ಪ್ರಶ್ನೆ ಎಷ್ಟು ಸಲ? ಪ್ರಶಿಕ್ಷಣಾರ್ಥಿ ಎಲ್ಲಿ ಸಹಾಯ ಮಾಡಿದರು, ಎಲ್ಲಿ ಕೈ ಹಿಂದೆಗೆದರು? ಕೊನೆಯ ಪ್ರಶ್ನೆ ನಮಗೂ ಅನ್ವಯಿಸುತ್ತದೆ. ಪಾಠಯೋಜನೆಯ ಪ್ರತಿ ಸಾಲನ್ನೂ ನಾವೇ ಬರೆಸುತ್ತಿದ್ದರೆ ಪ್ರಶಿಕ್ಷಣಾರ್ಥಿ ತಾನಾಗಿ ಬರೆಯುವುದು ಯಾವಾಗ? ಮೊದಲ ಐದು ಪಾಠಗಳಿಗೆ ನಾವು ಕೊಡುವ ಸಾರುವೆಯಲ್ಲಿ ಯಾವುದನ್ನು ಆರನೆಯ ಪಾಠಕ್ಕೆ ಬಿಚ್ಚುತ್ತೇವೆ ಎಂಬುದನ್ನು ಅಭ್ಯಾಸ ಬೋಧನೆಯ ವೇಳಾಪಟ್ಟಿ ಹಾಕುವಾಗಲೇ ಬರೆದಿಟ್ಟುಕೊಳ್ಳುವುದು ಒಳಿತು.