ಹಿಂಸೆಯ ಕನಸು: ಅರ್ಥವೂ ಪರಿಹಾರವೂ

ಅಹಿಂಸೆಯೇ ಪರಮಧರ್ಮವೆಂದು ನಂಬಿ ಬಾಳುವ ಶ್ರಾವಕ-ಶ್ರಾವಿಕೆಯರಿಗೂ ಒಮ್ಮೊಮ್ಮೆ ಕನಸಿನಲ್ಲಿ ಕೊಲೆ, ರಕ್ತ, ಹೊಡೆದಾಟಗಳು ಕಾಣುವುದುಂಟು. ಇರುವೆಯನ್ನೂ ತುಳಿಯದಂತೆ ನೋಡಿ ನಡೆಯುವವರು ಕನಸಿನಲ್ಲಿ ತಾವೇ ಕತ್ತಿ ಹಿಡಿದದ್ದನ್ನು ಕಂಡು ಬೆಚ್ಚಿ ಎಚ್ಚರಗೊಳ್ಳುತ್ತಾರೆ. ಬೆಳಗಾದೊಡನೆ ಎರಡು ಪ್ರಶ್ನೆಗಳು ಕಾಡುತ್ತವೆ. ಇದು ಯಾವ ಕೇಡಿನ ಸೂಚನೆ? ಇದಕ್ಕೆ ಏನು ಶಾಂತಿ ಮಾಡಿಸಬೇಕು?

ಜೈನ ಪರಂಪರೆಯು ಕನಸನ್ನು ಕಡೆಗಣಿಸಿಲ್ಲ. ತೀರ್ಥಂಕರರ ಮಾತೆಯರು ಕಂಡ ಶುಭಸ್ವಪ್ನಗಳು ದಿಗಂಬರ ಸಂಪ್ರದಾಯದಂತೆ 16, ಶ್ವೇತಾಂಬರ ಸಂಪ್ರದಾಯದಂತೆ 14. ಪರ್ಯುಷಣದಲ್ಲಿ ಮಹಾವೀರ ಸ್ವಾಮಿಯ ಜನ್ಮವಾಚನದ ದಿನ ಈ ಸ್ವಪ್ನಗಳ ಬೆಳ್ಳಿಯ ಆಕೃತಿಗಳನ್ನು ಇಳಿಸಿ ಬೋಲಿ ಕೂಗುವುದನ್ನು ಮಾರವಾಡಿ, ಗುಜರಾತಿ ಬಂಧುಗಳು ಬಲ್ಲರು. ಅಷ್ಟಾಂಗ ನಿಮಿತ್ತಗಳಲ್ಲಿ ಸ್ವಪ್ನವೂ ಒಂದು. ಆದರೂ ಉತ್ತರಾಧ್ಯಯನ ಸೂತ್ರದ 15ನೆಯ ಅಧ್ಯಯನವು, ಸ್ವಪ್ನಫಲ ಮೊದಲಾದವುಗಳನ್ನು ಹೇಳಿ ಜೀವನ ಸಾಗಿಸದವನೇ ನಿಜವಾದ ಭಿಕ್ಷು ಎಂದು ಸಾರುತ್ತದೆ. ಕನಸಿನ ಅರ್ಥ ಹೇಳುವುದರಲ್ಲಿ ಇರುವ ಅಪಾಯವನ್ನು ಪೂರ್ವಾಚಾರ್ಯರು ಅರಿತಿದ್ದರು.

ಆ ಅಪಾಯವೇನೆಂಬುದನ್ನು ಯಶೋಧರ ಮಹಾರಾಜನ ಕಥೆಯಷ್ಟು ಸ್ಪಷ್ಟವಾಗಿ ತೋರಿಸುವ ಕಥೆ ಅಪರೂಪ. ಈ ಕಥೆಗೆ ಭಾಷೆಯ ಗಡಿಯಿಲ್ಲ. ಪ್ರಾಕೃತದಲ್ಲಿ ಹರಿಭದ್ರಸೂರಿಗಳು, ಸಂಸ್ಕೃತದಲ್ಲಿ ಕ್ರಿ.ಶ. 959ರಲ್ಲಿ ಸೋಮದೇವಸೂರಿಗಳು, ಅಪಭ್ರಂಶದಲ್ಲಿ ಪುಷ್ಪದಂತರು ಇದನ್ನು ಹೇಳಿದ್ದಾರೆ. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎಂಬ ಬಿರುದು ಪಡೆದ ಜನ್ನನು 1209ರಲ್ಲಿ ಕನ್ನಡದಲ್ಲಿ ‘ಯಶೋಧರ ಚರಿತೆ’ಯನ್ನು ರಚಿಸಿದನು.

ಉಜ್ಜಯಿನಿಯ ಅರಸ ಯಶೋಧರನು ತನ್ನ ರಾಣಿ ಅಮೃತಮತಿ ಮಾವುತನಲ್ಲಿ ಅನುರಕ್ತಳಾದುದನ್ನು ಕಣ್ಣಾರೆ ಕಂಡನು. ತಾಯಿ ಚಂದ್ರಮತಿಯೆದುರು ಅದನ್ನು ಬಾಯಿಬಿಟ್ಟು ಹೇಳಲಾರದೆ, ಕೆಟ್ಟ ಕನಸು ಕಂಡೆನೆಂಬ ನೆಪದಿಂದ ಸೂಚಿಸಿದನು. ತಾಯಿ ಅದನ್ನು ನಿಜವಾದ ದುಃಸ್ವಪ್ನವೆಂದೇ ನಂಬಿ, ಶಾಂತಿಗಾಗಿ ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ಹಟ ಹಿಡಿದಳು. ಮಗ ಒಪ್ಪಲಿಲ್ಲ. ಕೊನೆಗೆ ಇಬ್ಬರ ಮಾತೂ ಉಳಿಯಲೆಂದು ಹಿಟ್ಟಿನ ಕೋಳಿಯನ್ನು ಮಾಡಿಸಿ ಬಲಿಕೊಟ್ಟರು. ಕತ್ತಿ ತಗುಲಿದಾಗ ಆ ಹಿಟ್ಟಿನ ಕೋಳಿ ಕೂಗಿತೆಂದು ಜನ್ನನ ಕಾವ್ಯ ಹೇಳುತ್ತದೆ. ಮುಂದೆ ರಾಣಿ ವಿಷವಿಕ್ಕಿ ತಾಯಿ-ಮಗ ಇಬ್ಬರನ್ನೂ ಕೊಂದಳು. ಅವರು ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಣಗಳಾಗಿ ಹುಟ್ಟಿ, ಪ್ರತಿ ಜನ್ಮದಲ್ಲಿಯೂ ನೋವುಂಡು, ಕಡೆಗೆ ತಾವೇ ಕೋಳಿಗಳಾದರು. ಆ ಬಳಿಕ ಅಭಯರುಚಿ, ಅಭಯಮತಿಯೆಂಬ ಅಣ್ಣ-ತಂಗಿಯರಾಗಿ ಮಾನವಜನ್ಮ ಪಡೆದರು. ತಮ್ಮನ್ನೇ ಬಲಿಗೆಂದು ತರಿಸಿದ್ದ ಮಾರಿದತ್ತ ರಾಜನಿಗೆ ತಮ್ಮ ಭವಾವಳಿಯನ್ನು ಹೇಳಿ, ಅವನನ್ನು ಹಿಂಸೆಯಿಂದ ಬಿಡಿಸಿದರು.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಯಶೋಧರನು ಹೇಳಿದ ಕನಸು ಬಿದ್ದೇ ಇರಲಿಲ್ಲ. ಬೀಳದ ಕನಸಿಗೆ ತಾಯಿ ಕಟ್ಟಿದ ಅರ್ಥವೇ ಅವರನ್ನು ಬಲಿಪೀಠಕ್ಕೆ ಕರೆದೊಯ್ದಿತು. ಕೇಡು ಬಂದದ್ದು ಕನಸಿನಿಂದಲ್ಲ. ಭಯದಿಂದ ಹುಟ್ಟಿದ ಪರಿಹಾರದಿಂದ. ಹಿಟ್ಟಿನ ಕೋಳಿಗೆ ಪ್ರಾಣವಿಲ್ಲ, ಆದರೆ ಕೊಲ್ಲುವ ಸಂಕಲ್ಪಕ್ಕೆ ಪ್ರಾಣವಿತ್ತು. ಇದೇ ಭಾವಹಿಂಸೆ. ಆಯುಧಪೂಜೆಯಂದು ಅಂಗಡಿಯ ಮುಂದೆ ಕುಂಕುಮ ತುಂಬಿದ ಬೂದುಗುಂಬಳವನ್ನು ಒಡೆಯುವ ವ್ಯಾಪಾರಿಬಂಧುಗಳೂ ಅದನ್ನು ಯಾವ ಭಾವದಿಂದ ಒಡೆಯುತ್ತೇವೆಂದು ವಿಚಾರ ಮಾಡುವುದು ಒಳ್ಳೆಯದು.

ಹಾಗಾದರೆ ಹಿಂಸೆಯ ಕನಸು ಏಕೆ ಬೀಳುತ್ತದೆ? ಹಗಲಿನ ಕ್ರೋಧ, ಬಾಕಿ ವಸೂಲಿಯ ಜಗಳ, ಆಸ್ತಿಯ ವ್ಯಾಜ್ಯ, ರಾತ್ರಿ ನೋಡಿದ ಹೊಡೆದಾಟದ ಚಿತ್ರ, ಜ್ವರ, ಕೆಲವು ಔಷಧಗಳು ಇವೆಲ್ಲ ಕಾರಣವಾಗಬಹುದು. ಕರ್ಮಸಿದ್ಧಾಂತದಲ್ಲಿ ದರ್ಶನಾವರಣೀಯ ಕರ್ಮದ ಭೇದಗಳಲ್ಲಿ ಐದು ಬಗೆಯ ನಿದ್ರೆಗಳನ್ನು ಹೇಳಿದೆ. ಅವುಗಳಲ್ಲಿ ಸ್ತ್ಯಾನಗೃದ್ಧಿ ಎಂಬುದು, ಮಲಗಿದವನು ನಿದ್ರೆಯಲ್ಲಿಯೇ ಎದ್ದು ಉಗ್ರಕಾರ್ಯ ಮಾಡಿಬಿಡುವ ಸ್ಥಿತಿ. ಕನಸಿನಲ್ಲಿ ಕಂಡಂತೆ ಕೈಕಾಲು ಬೀಸುವ, ಒದೆಯುವ ನಿದ್ರಾರೋಗವೊಂದನ್ನು ಅಮೆರಿಕದ ವೈದ್ಯರು 1986ರಲ್ಲಿ ವಿವರಿಸಿದರು. ಇದು 50 ದಾಟಿದ ಗಂಡಸರಲ್ಲಿ ಹೆಚ್ಚು. ಕೆಲವರಲ್ಲಿ ಮುಂದೆ ಬರುವ ಪಾರ್ಕಿನ್ಸನ್ ಕಾಯಿಲೆಯ ಮುನ್ಸೂಚನೆಯೂ ಆಗಿರಬಹುದು. ಆದುದರಿಂದ ಮನೆಯ ಹಿರಿಯರು ನಿದ್ರೆಯಲ್ಲಿ ಕೂಗಿ ಹೊಡೆಯತೊಡಗಿದರೆ ಗಾಳಿ ಸೋಕಿತೆಂದು ಮಂತ್ರ ಹಾಕಿಸದೆ ನರರೋಗ ತಜ್ಞರಲ್ಲಿಗೆ ಕರೆದೊಯ್ಯಬೇಕು.

ಉಳಿದಂತೆ ಪರಿಹಾರವನ್ನು ಶಾಸ್ತ್ರವೇ ವಿಧಿಸಿದೆ. ಶ್ವೇತಾಂಬರ ಮೂರ್ತಿಪೂಜಕರ ಪ್ರಾತಃಕಾಲದ ಪ್ರತಿಕ್ರಮಣದಲ್ಲಿ ಕೆಟ್ಟ ಕನಸುಗಳ ಶುದ್ಧಿಗಾಗಿಯೇ ‘ಕುಸುಮಿಣ-ದುಸುಮಿಣ’ ಎಂಬ ಕಾಯೋತ್ಸರ್ಗವಿದೆ. ಅದರಲ್ಲಿ ನಾಲ್ಕು ಲೋಗಸ್ಸಗಳನ್ನು ಧ್ಯಾನಿಸುತ್ತಾರೆ. ದಿಗಂಬರರಲ್ಲಿಯೂ ರಾತ್ರಿಯ ದೋಷಗಳಿಗೆ ರಾತ್ರಿಕ ಪ್ರತಿಕ್ರಮಣವಿದೆ. ಇದಕ್ಕೆ ಕೋಳಿ ಬೇಡ, ಹಣ ಬೇಡ, ಮಧ್ಯವರ್ತಿಯೂ ಬೇಡ. ಕೆಲವು ನಿಮಿಷ ದೇಹವನ್ನು ನಿಶ್ಚಲವಾಗಿರಿಸಿ, ಯಾರ ಮೇಲೆ ದ್ವೇಷ ಉಳಿದಿದೆ ಎಂದು ತನ್ನನ್ನೇ ಕೇಳಿಕೊಂಡು, ಅವರಲ್ಲಿ ಕ್ಷಮೆ ಬೇಡಿದರೆ ಸಾಕು.

ಕನಸಿನಲ್ಲಿ ಸೊಸೆಯೋ, ದಾಯಾದಿಯೋ, ಪಾಲುದಾರನೋ ಕೈಯೆತ್ತಿದಂತೆ ಕಂಡಿತೆಂದು ಹಗಲಿನಲ್ಲಿ ಅವರನ್ನು ಸಂಶಯಿಸಬಾರದು. ಅದು ಚಂದ್ರಮತಿಯ ತಪ್ಪನ್ನೇ ಮತ್ತೆ ಮಾಡಿದಂತೆ. ಮಕ್ಕಳು ಅಂಜಿ ಎದ್ದರೆ ಶಕುನ ಹೇಳದೆ, ಪಕ್ಕದಲ್ಲಿ ಕೂರಿಸಿಕೊಂಡು ಣಮೋಕಾರ ಮಂತ್ರವನ್ನು ಹೇಳಿಸಬೇಕು. ಕನಸು ಎಷ್ಟೇ ಕ್ರೂರವಾಗಿರಲಿ, ಎದ್ದ ಮೇಲಿನ ನಡೆ ಅಹಿಂಸೆಯದಾಗಿದ್ದರೆ ಆ ಕನಸು ಅಲ್ಲಿಗೇ ಮುಗಿಯುತ್ತದೆ.

ಜೈ ಜಿನೇಂದ್ರ.